ಬ್ಯಾಡಗಿ ತಿಂದ ಸ್ವಾರ್ಡ್‌ಟೇಲ್‌ಗಳು: ಮೀನಿನ ಆಹಾರವನ್ನು ಮನೆಯಲ್ಲೇ ಮಾಡಿದ ದಾಖಲೆ

ಅಂಗಡಿಯ ಟ್ಯಾಂಕಿನಲ್ಲಿ ಕಡುಗೆಂಪಾಗಿದ್ದ ಸ್ವಾರ್ಡ್‌ಟೇಲ್ (ಗಂಡಿನ ಬಾಲ ಕತ್ತಿಯಂತೆ ಚಾಚಿರುವ ಅಲಂಕಾರದ ಮೀನು) ಮನೆಗೆ ಬಂದ ಒಂದೆರಡು ತಿಂಗಳಲ್ಲಿ ತಿಳಿ ಕಿತ್ತಳೆಗೆ ಇಳಿಯುವುದನ್ನು ಮೀನು ಸಾಕಿದವರೆಲ್ಲ ನೋಡಿರುತ್ತಾರೆ. ನೀರು ಒಗ್ಗಲಿಲ್ಲ ಎನ್ನುವವರಿದ್ದಾರೆ, ತಳಿಯೇ ಸರಿಯಿಲ್ಲ ಎನ್ನುವವರಿದ್ದಾರೆ. ಎರಡಕ್ಕೂ ಅವಕಾಶವಿದೆ. ಆದರೆ ಮೊದಲು ಅನುಮಾನಿಸಬೇಕಾದದ್ದು ಆಹಾರದ ಡಬ್ಬಿಯನ್ನು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಬೇಕಾದ ಕೆರೋಟಿನಾಯ್ಡ್ ಎಂಬ ಬಣ್ಣದ್ರವ್ಯಗಳನ್ನು ಯಾವ ಮೀನೂ ತನ್ನ ಮೈಯಲ್ಲಿ ತಾನೇ ಹುಟ್ಟಿಸಿಕೊಳ್ಳಲಾರದು. ಪಾಚಿ, ಗಿಡ, ಕೆಲವು ಸೂಕ್ಷ್ಮಜೀವಿಗಳು ಅವನ್ನು ತಯಾರಿಸುತ್ತವೆ. ಅವುಗಳನ್ನು ತಿಂದ ಸೀಗಡಿ, ಹುಳುಗಳ ಮೂಲಕ ಅವು ಮೀನಿನ ಚರ್ಮದ ಬಣ್ಣದ ಕೋಶಗಳಿಗೆ ಬಂದು ಸೇರುತ್ತವೆ. ಬಾಯಿಯಿಂದ ಬರುವುದು ನಿಂತರೆ ಚರ್ಮದಲ್ಲಿರುವುದು ಮೆಲ್ಲನೆ ಕರಗುತ್ತದೆ.

ಬಣ್ಣದ ಆಹಾರ ಎಂದು ಮಾರುವ ಪುಟ್ಟ ಡಬ್ಬಿಗಳ ಬೆಲೆ ನೋಡಿ, ಪದಾರ್ಥಗಳ ಪಟ್ಟಿ ಓದಿದಾಗ ನನಗೆ ನಗು ಬಂತು. ಸೋಯಾ, ಗೋಧಿ, ಮೀನಿನ ಪುಡಿ, ಸ್ಪಿರುಲಿನಾ ಎಂಬ ಪಾಚಿಯ ಪುಡಿ, ಮೆಣಸಿನ ಸಾರ, ಚೆಂಡುಹೂವಿನ ಸಾರ. ಚಿತ್ರದುರ್ಗದಲ್ಲಿ ಕುಳಿತವನಿಗೆ ಇದರಲ್ಲಿ ಯಾವುದು ದುರ್ಲಭ? ಎಣ್ಣೆ ಗಾಣಗಳ ಚಳ್ಳಕೆರೆ ಪಕ್ಕದಲ್ಲೇ ಇದೆ, ದಾವಣಗೆರೆ ದಾಟಿ ಹುಬ್ಬಳ್ಳಿ ದಿಕ್ಕಿಗೆ ಹೋದರೆ ಬ್ಯಾಡಗಿ ಇದೆ, ಚೆಂಡುಹೂವು ಕುಂಡದಲ್ಲೇ ಬೆಳೆಯುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಆಹಾರ ಎಲ್ಲ ಬಣ್ಣವನ್ನೂ ತರುವುದಿಲ್ಲ. ಕಪ್ಪು ಮೊಲಿಯ ಕಪ್ಪು ಮೆಲನಿನ್. ಅದನ್ನು ಮೀನು ತಾನೇ ತಯಾರಿಸುತ್ತದೆ. ನಿಯಾನ್ ಟೆಟ್ರಾದ ನೀಲಿ ಪಟ್ಟಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಚರ್ಮದ ಕೋಶಗಳೊಳಗಿನ ಗ್ವಾನಿನ್ ಹರಳುಗಳ ಮೇಲೆ ಬೆಳಕು ಬಿದ್ದು ಹೊಳೆಯುವ ಬಣ್ಣ ಅದು. ಗಪ್ಪಿ ಗಂಡಿನ ಕಿತ್ತಳೆ ಚುಕ್ಕೆಯಲ್ಲಿ ಆಹಾರದಿಂದ ಬಂದ ಕೆರೋಟಿನಾಯ್ಡ್ ಜೊತೆಗೆ ಮೀನೇ ತಯಾರಿಸಿಕೊಳ್ಳುವ ಡ್ರೊಸೊಪ್ಟೆರಿನ್ ಎಂಬ ಕೆಂಪು ಬಣ್ಣದ್ರವ್ಯ ಕೂಡ ಇರುತ್ತದೆ. ಚುಕ್ಕೆ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದು ತಳಿಯ ಮಾತು. ಆ ಚುಕ್ಕೆ ಎಷ್ಟು ತುಂಬಿಕೊಳ್ಳುತ್ತದೆ ಎಂಬುದಷ್ಟೇ ಅಡುಗೆಯ ಮಾತು. ಇನ್ನು ವ್ಯಾಪಾರದಲ್ಲಿ ಅಡ್ಡದಾರಿಗಳೂ ಇವೆ. ಎಳೆಯ ಮೀನುಗಳಿಗೆ ಗಂಡು ಹಾರ್ಮೋನ್ ಕೊಟ್ಟು ಅಕಾಲದಲ್ಲಿ ಬಣ್ಣ ಏರಿಸುವುದುಂಟು. ಅಂಥ ಬಣ್ಣ ಮನೆಗೆ ಬಂದ ಮೇಲೆ ಇಳಿಯುತ್ತದೆ, ಮೀನು ಮರಿ ಹಾಕದೆಯೂ ಉಳಿಯಬಹುದು. ಗಾಜಿನಂತೆ ಪಾರದರ್ಶಕವಾದ ನಮ್ಮದೇ ದೇಶದ ಪುಟ್ಟ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವುದು ಇನ್ನೂ ಕ್ರೂರ. ಅವುಗಳಿಗೆ ಯಾವ ಮೆಣಸಿನಕಾಯಿ ಹಾಕಿದರೂ ಪ್ರಯೋಜನವಿಲ್ಲ.

ಮೊದಲ ಸಾಮಾನು ಶೇಂಗಾ ಹಿಂಡಿ. ಚಳ್ಳಕೆರೆಯ ಗಾಣವೊಂದರಲ್ಲಿ ಎರಡು ಕಿಲೋ ಕೇಳಿದಾಗ ಗಲ್ಲಾದ ಹಿಂದಿದ್ದ ಹಿರಿಯರು ಕನ್ನಡಕ ಏರಿಸಿ, “ಎರಡು ಕಿಲೋನಾ? ಹಸುವಿಗೋ ಎಮ್ಮೆಗೋ ಸ್ವಾಮಿ?” ಎಂದರು. ಮೀನಿಗೆ ಎಂದೆ. “ಎಷ್ಟು ದೊಡ್ಡ ಮೀನು?” ಬೆರಳು ತೋರಿಸಿದೆ. ದುಡ್ಡು ತೆಗೆದುಕೊಂಡರು, ಆದರೆ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಹಿಂಡಿಯಲ್ಲಿ ನೋಡಬೇಕಾದದ್ದು ಬೂಷ್ಟು. ತೇವ ತಾಗಿದ ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಪೆಟ್ಟು, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುರಿದ ಹಿಂಡಿ ಒಳಗೆ ಒಂದೇ ಬಣ್ಣವಿರಬೇಕು, ಶೇಂಗಾದ ವಾಸನೆ ಬರಬೇಕು, ಮುಗ್ಗಲು ವಾಸನೆ ಬಂದರೆ ಅಲ್ಲಿಯೇ ಬಿಟ್ಟು ಬರಬೇಕು. ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕರೂ ಬೇಡ.

ಮೆಣಸಿನಕಾಯಿಯನ್ನು ಪುಡಿಯಾಗಿ ಕೊಳ್ಳಲಿಲ್ಲ. ಪುಡಿಯಲ್ಲಿ ಕೃತಕ ಬಣ್ಣ, ಎಣ್ಣೆ, ಇನ್ನೇನೇನೋ ಸೇರಿರುವ ಸಾಧ್ಯತೆ ಇರುತ್ತದೆ; ನಮ್ಮ ಹೊಟ್ಟೆ ತಡೆಯುತ್ತದೆ, ಎರಡು ಇಂಚಿನ ಮೀನು ತಡೆಯುವುದಿಲ್ಲ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಡಬ್ಬಿ ದಪ್ಪ, ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ಹೆಸರು ನಿಂತಿರುವುದೇ ಬಣ್ಣದ ಮೇಲೆ. ಆ ಕೆಂಪಿನ ಮುಖ್ಯ ದ್ರವ್ಯ ಕ್ಯಾಪ್ಸಾಂಥಿನ್, ಅದು ಇರುವುದು ಸಿಪ್ಪೆಯಲ್ಲಿ. ಖಾರ ಇರುವುದು ಬೀಜ ಹಿಡಿದುಕೊಂಡಿರುವ ಒಳಗಿನ ತಿರುಳಿನಲ್ಲಿ. ಆದ್ದರಿಂದ ತೊಟ್ಟು, ಬೀಜ, ಒಳತಿರುಳು ಎಲ್ಲ ತೆಗೆದು ಸಿಪ್ಪೆಯನ್ನು ಮಾತ್ರ ಮಿಕ್ಸಿಗೆ ಹಾಕಿ ನಯವಾಗಿ ಪುಡಿ ಮಾಡಿದೆ. ಮೀನಿಗೆ ಖಾರವಾಗುವುದಿಲ್ಲವೇ ಎಂದು ಕೇಳದ ನೆಂಟರಿಲ್ಲ. ಹೀಗೆ ಬಿಡಿಸಿದ ಡಬ್ಬಿ ಮೆಣಸಿನಕಾಯಿ, ಅದೂ ನೂರು ಗ್ರಾಂ ಆಹಾರಕ್ಕೆ ಮೂರು ಗ್ರಾಂ. ಮೀನುಗಳು ಒಮ್ಮೆಯೂ ಹಿಂದೆ ಸರಿದಿಲ್ಲ.

ಚೆಂಡುಹೂವಿಗೆ ಮಾರುಕಟ್ಟೆಯ ಹೂವು ಬೇಡ, ದೇವರ ಹಾರದ ಹೂವೂ ಬೇಡ. ಕೀಟನಾಶಕ ಹೊಡೆದ ಹೂವು ಎರಡು ದಿನದಲ್ಲಿ ಟ್ಯಾಂಕ್ ಖಾಲಿ ಮಾಡಬಲ್ಲದು. ಏನೂ ಸಿಂಪಡಿಸದೆ ಕುಂಡದಲ್ಲಿ ಬೆಳೆದ ಕಿತ್ತಳೆ ಹೂವಿನ ಎಸಳನ್ನು ಮಾತ್ರ ಕಿತ್ತು, ಬುಡದ ಹಸಿರು ತೊಟ್ಟು ಬಿಟ್ಟು, ನೆರಳಲ್ಲಿ ಒಣಗಿಸಿದೆ. ಇದರಲ್ಲಿರುವುದು ಲೂಟೀನ್ ಎಂಬ ಹಳದಿ ಕೆರೋಟಿನಾಯ್ಡ್. ಕೋಳಿಮೊಟ್ಟೆಯ ಹಳದಿ ಕಡುವಾಗಲೆಂದು ಕೋಳಿಯ ಆಹಾರಕ್ಕೆ ಸೇರಿಸುವುದೂ ಇದನ್ನೇ. ಮೀನಿನಲ್ಲಿ ಇದು ಹಳದಿಯ ಕಡೆಗೆ ಎಳೆಯುತ್ತದೆ. ಕೆಂಪು ಬೇಕೆಂದು ಬರೀ ಚೆಂಡುಹೂವು ತುಂಬಿದರೆ ನಿರಾಸೆಯೇ. ಬಂದ ಬಣ್ಣದ್ರವ್ಯವನ್ನು ಬೇರೆ ರೂಪಕ್ಕೆ ಮಾರ್ಪಡಿಸಿಕೊಳ್ಳುವ ಶಕ್ತಿ ಎಲ್ಲ ಮೀನುಗಳಲ್ಲೂ ಒಂದೇ ಸಮ ಇಲ್ಲ. ಗೋಲ್ಡ್‌ಫಿಶ್, ಕೋಯಿ ಮೀನುಗಳು ಜಿಯಾಕ್ಸಾಂಥಿನ್ ತಿಂದು ಅದನ್ನು ಕೆಂಪು ಅಸ್ಟಾಕ್ಸಾಂಥಿನ್ ಮಾಡಿಕೊಳ್ಳುತ್ತವೆ; ಸಾಲ್ಮನ್ ಜಾತಿಗೆ ಆ ವಿದ್ಯೆ ಇಲ್ಲ, ಅದಕ್ಕೆ ಅಸ್ಟಾಕ್ಸಾಂಥಿನ್ ಅನ್ನೇ ತಿನ್ನಿಸಬೇಕು. ಹೀಗಾಗಿ ಒಂದೇ ಮೂಲವನ್ನು ನಂಬದೆ ನಾಲ್ಕನ್ನು ಸೇರಿಸುವುದು ಜಾಣತನ: ಮೆಣಸು, ಚೆಂಡುಹೂವು, ಜಿಯಾಕ್ಸಾಂಥಿನ್ ಇರುವ ಸ್ಪಿರುಲಿನಾ, ಮತ್ತು ಅಸ್ಟಾಕ್ಸಾಂಥಿನ್ ಇರುವ ಸೀಗಡಿ.

ಒಣ ಸೀಗಡಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ನಮ್ಮದು ಸಸ್ಯಾಹಾರಿ ಅಡುಗೆಮನೆ. “ಅದರ ವಾಸನೆ ಹೊಸ್ತಿಲು ದಾಟಿ ಒಳಗೆ ಬಂದರೆ ನಾನು ದಾಟಿ ಹೊರಗೆ ಹೋಗುತ್ತೇನೆ” ಎಂದರು ನಮ್ಮ ಅಮ್ಮ. ಸೀಗಡಿ ಬಿಟ್ಟು ಬರೀ ಸಸ್ಯದಲ್ಲಿ ಮುಗಿಸಬಹುದೇ ಎಂದು ಯೋಚಿಸಿದೆ. ಶೇಂಗಾ ಹಿಂಡಿಯಲ್ಲಿ ಲೈಸಿನ್, ಮೆಥಿಯೊನಿನ್ ಎಂಬ ಅಮೈನೋ ಆಮ್ಲಗಳು (ಪ್ರೋಟೀನಿನ ಬಿಡಿಭಾಗಗಳು) ಕಡಿಮೆ, ಸೋಯಾದಲ್ಲಿ ಮೆಥಿಯೊನಿನ್ ಕಡಿಮೆ. ಪ್ರೋಟೀನಿನ ಒಟ್ಟು ಲೆಕ್ಕ ಕಾಗದದ ಮೇಲೆ ಸರಿಹೋದರೂ ಮರಿ ಮೀನಿನ ಮೈ ಒಪ್ಪುವುದಿಲ್ಲ. ಒಪ್ಪಂದ ಹೀಗಾಯಿತು: ಎಲ್ಲ ಕೆಲಸ ತಾರಸಿಯ ಮೇಲೆ, ಬೇರೆ ಮಿಕ್ಸಿ ಜಾರು, ಬೇರೆ ಪಾತ್ರೆ, ಹಳೆಯ ಸಾಮಾನಿನಂಗಡಿಯಿಂದ ತಂದ ಬೇರೆ ಚಕ್ಕುಲಿ ಒರಳು. ಸೀಗಡಿಯನ್ನು ಮೊದಲು ನೀರಲ್ಲಿ ತೊಳೆದು ಉಪ್ಪು ಇಳಿಸಿ, ಮತ್ತೆ ಒಣಗಿಸಿ, ತಲೆ ಚಿಪ್ಪಿನ ಸಮೇತ ಪುಡಿ ಮಾಡಬೇಕು. ಬಣ್ಣ ಹೆಚ್ಚಾಗಿ ಚಿಪ್ಪಿನಲ್ಲೇ ಇರುವುದು.

ಅಳತೆಗೆ ಬರುತ್ತೇನೆ. ಪ್ರೋಟೀನ್ ಲೆಕ್ಕಕ್ಕೆ ಹೈನುಗಾರರು, ಕೋಳಿ ಸಾಕುವವರು ಬಳಸುವ ಚೌಕದ ಲೆಕ್ಕವೇ ಸಾಕು. 45% ಪ್ರೋಟೀನಿನ ಹಿಂಡಿ, 12%ನ ತೌಡು ಇವೆರಡರಿಂದ 35% ಬೇಕೆಂದರೆ, 35ರಿಂದ 12 ಕಳೆದರೆ 23, ಅದು ಹಿಂಡಿಯ ಪಾಲು. 45ರಿಂದ 35 ಕಳೆದರೆ 10, ಅದು ತೌಡಿನ ಪಾಲು. ಅಂದರೆ ನೂರರಲ್ಲಿ ಸುಮಾರು 70 ಹಿಂಡಿ, 30 ತೌಡು. ಸಾಮಾನು ಹೆಚ್ಚಾದಂತೆ ಒಂದೊಂದರದೂ ಗುಣಿಸಿ ಕೂಡಿಸಿದರಾಯಿತು. ಅರ್ಧ ಕಿಲೋಗೆ ನಾನು ನಿಲ್ಲಿಸಿದ ಅಳತೆ ಇದು: ಶೇಂಗಾ ಹಿಂಡಿ 150 ಗ್ರಾಂ, ಹುರಿದ ಸೋಯಾ ಹಿಟ್ಟು 100, ಸೀಗಡಿ ಪುಡಿ 100, ತೌಡು 50, ಗೋಧಿ ಹಿಟ್ಟು 50, ಸ್ಪಿರುಲಿನಾ 25, ಮೆಣಸಿನ ಸಿಪ್ಪೆಯ ಪುಡಿ 15, ಚೆಂಡುಹೂವಿನ ಎಸಳಿನ ಪುಡಿ 10. ಪ್ರೋಟೀನ್ 38%ರ ಆಸುಪಾಸಿಗೆ ಬರುತ್ತದೆ. ಸೋಯಾವನ್ನು ಹುರಿಯದೆ ಹಾಕಬಾರದು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಬಿಸಿ ತಾಗಿದರೆ ಅದು ಕೆಡುತ್ತದೆ.

ಹಿಂಡಿ, ಸೋಯಾ, ಸೀಗಡಿ, ತೌಡು, ಗೋಧಿ ಹಿಟ್ಟುಗಳನ್ನು ಬಿಸಿನೀರಿನಲ್ಲಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಮುಟಿಗೆ ಮುಟಿಗೆಯಾಗಿ ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಿದೆ. ಗೋಧಿಯ ಪಿಷ್ಟ ಬೆಂದು ಅಂಟಾಗುವುದರಿಂದ ಬೇರೆ ಅಂಟು ಬೇಕಾಗಲಿಲ್ಲ. ಅತ್ತ ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಮೆಣಸಿನ ಪುಡಿಯನ್ನೂ ಹೂವಿನ ಪುಡಿಯನ್ನೂ ಅದರಲ್ಲಿ ನೆನೆಸಿಟ್ಟೆ. ಕೆರೋಟಿನಾಯ್ಡ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕೊಬ್ಬಿಲ್ಲದ ಆಹಾರದಿಂದ ಕರುಳು ಅದನ್ನು ಸರಿಯಾಗಿ ಹೀರಲಾರದು. ಬೆಂದ ಹಿಟ್ಟು ಆರಿದ ಮೇಲೆ ಆ ಕೆಂಪೆಣ್ಣೆ, ಸ್ಪಿರುಲಿನಾ, ಔಷಧಿ ಅಂಗಡಿಯ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಒಂದರ ಪುಡಿ, ಎರಡು ಮೀನೆಣ್ಣೆ ಮಾತ್ರೆಗಳ ಒಳಗಿನ ಎಣ್ಣೆ ಸೇರಿಸಿ ನಾದಿದೆ. ವಿಟಮಿನ್ ಸಿ ಬಿಸಿಗೆ ನಿಲ್ಲುವುದಿಲ್ಲ, ಹೆಚ್ಚಿನ ಮೀನುಗಳು ಅದನ್ನು ತಾವೇ ತಯಾರಿಸಿಕೊಳ್ಳಲಾರವು. ಅದರ ಕೊರತೆಯಾದರೆ ಬೆನ್ನು ಡೊಂಕಾಗುತ್ತದೆ. ಡೊಂಕು ಬೆನ್ನೆಲ್ಲ ವಿಟಮಿನ್ ಕೊರತೆಯೇ ಎಂದಲ್ಲ. ಒಳಸಂಬಂಧದ ತಳಿ, ಮೀನಿನ ಕ್ಷಯವೂ ಹಾಗೆ ಮಾಡುತ್ತವೆ.

ಚಕ್ಕುಲಿ ಒರಳಿಗೆ ಸಣ್ಣ ಖಾರ ಒತ್ತುವ ಬಿಲ್ಲೆ ಹಾಕಿ ಹಳೆಯ ಪಂಚೆಯ ಮೇಲೆ ಎಳೆ ಎಳೆಯಾಗಿ ಒತ್ತಿದೆ. ಕಂದು ಹಸಿರಿನ ಈ ಎಳೆಗಳನ್ನು ನೋಡಿದರೆ ಬಣ್ಣದ ಆಹಾರ ಎಂದು ಯಾರೂ ಹೇಳಲಾರರು. ಅಂಗಡಿಯ ಕೆಂಪು ಗುಳಿಗೆಯ ಕೆಂಪು ನಮ್ಮ ಕಣ್ಣಿಗಾಗಿ, ಮೀನಿಗಾಗಿ ಅಲ್ಲ. ಬಿಸಿಲಿನಲ್ಲಿ ಒಣಗಿಸಬಾರದು, ಬೆಳಕಿಗೆ ಕೆರೋಟಿನಾಯ್ಡ್ ಬಿಳಿಚುತ್ತದೆ. ನಮಗೆ ಬಿಸಿಲಿನ ಹಂಗೂ ಇಲ್ಲ. ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವ ಊರು ಇದು, ಜೋಗಿಮಟ್ಟಿ ಕಡೆಯಿಂದ ಬೀಸುವ ಆಷಾಢದ ಗಾಳಿಗೆ ತಗಡಿನ ನೆರಳಿನಲ್ಲೇ ಎಳೆಗಳು ಚಟಪಟ ಮುರಿಯುವಷ್ಟು ಒಣಗಿದವು. ಪಂಚೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಡಬೇಕಾಯಿತು. ಮುರಿದು ಜರಡಿ ಹಿಡಿದರೆ ದೊಡ್ಡ ಮೀನಿಗೆ ಚೂರು, ಮರಿಗೆ ಹಿಟ್ಟು. ಒಂದು ಲೋಟ ನೀರಿಗೆ ನಾಲ್ಕು ಚೂರು ಹಾಕಿ ಅರ್ಧ ಗಂಟೆ ಬಿಟ್ಟು ನೋಡಬೇಕು. ಚೂರು ಮೆತ್ತಗಾದರೂ ನೀರು ಕದಡದಿದ್ದರೆ ಅಂಟು ಸಾಕು.

ಇನ್ನು ಪರೀಕ್ಷೆ. ಹೋಲಿಕೆಗೆ ಸಾದಾ ಆಹಾರವೂ ಬೇಕಲ್ಲ. ಅದಕ್ಕೆ ಮೆಣಸು, ಹೂವು, ಸ್ಪಿರುಲಿನಾ ಬಿಟ್ಟರೆ ಸಾಲದು. ಸೀಗಡಿಯಲ್ಲೂ ಬಣ್ಣವಿರುವುದರಿಂದ ಅದರ ಬದಲು ಬಿಳಿ ಒಣಮೀನಿನ ಪುಡಿ ಹಾಕಿ, ಉಳಿದ ಖಾಲಿಯನ್ನು ಹಿಂಡಿ, ಸೋಯಾಗಳಿಂದ ತುಂಬಿ ಪ್ರೋಟೀನ್ ಸರಿಸಮ ಮಾಡಿದೆ. ದಾವಣಗೆರೆ ಸೀಮೆಯಲ್ಲಿ ಬೇಕಾದಷ್ಟು ಸಿಗುವ ಮೆಕ್ಕೆಜೋಳವನ್ನು ಎರಡಕ್ಕೂ ಹಾಕದೆ ಗೋಧಿಗೆ ಅಂಟಿಕೊಂಡಿದ್ದೂ ಇದಕ್ಕೇ. ಹಳದಿ ಜೋಳದಲ್ಲೇ ಲೂಟೀನ್, ಜಿಯಾಕ್ಸಾಂಥಿನ್ ಇವೆ.

ಒಂದೇ ಹೆಣ್ಣು ಸ್ವಾರ್ಡ್‌ಟೇಲ್ ಹಾಕಿದ ಮರಿಗಳನ್ನು ನೀಲಿ ಡ್ರಮ್ ಕತ್ತರಿಸಿ ಮಾಡಿದ ನಾಲ್ಕು ಟಬ್‌ಗಳಿಗೆ ಸಮನಾಗಿ ಹಂಚಿದೆ. ‘ಅ’ ಟಬ್‌ಗೆ ಸಾದಾ ಆಹಾರ, ‘ಆ’ ಟಬ್‌ಗೆ ಬಣ್ಣದ ಆಹಾರ, ‘ಇ’ ಟಬ್‌ಗೆ ಸಾದಾ ಜೊತೆಗೆ ಜೀವಂತ ಮೊಯಿನಾ, ‘ಈ’ ಟಬ್‌ಗೆ ಬಣ್ಣ ಜೊತೆಗೆ ಮೊಯಿನಾ. ಮೊಯಿನಾ ಎಂದರೆ ನೀರಿನಲ್ಲಿ ಕುಪ್ಪಳಿಸುವ, ಸಾಸಿವೆಗಿಂತ ಚಿಕ್ಕ ಜೀವಿ. ಹಸಿರು ನೀರಿನಲ್ಲಿ ಬೆಳೆದ ಮೊಯಿನಾ ಪಾಚಿಯ ಬಣ್ಣವನ್ನೂ ಹೊತ್ತು ತರುತ್ತದೆ, ಆಗ ಹೋಲಿಕೆ ಕೆಡುತ್ತದೆ. ಹಾಗಾಗಿ ಬೇಕರಿಯ ಈಸ್ಟ್ ಕದಡಿ ಬೆಳೆಸಿದೆ. ಡ್ರಮ್‌ಗೆ ಸೊಳ್ಳೆ ಪರದೆ ಬಿಗಿದು ಕಟ್ಟಲೇಬೇಕು. ಸೊಳ್ಳೆಮರಿ ಮೀನಿಗೆ ಮೃಷ್ಟಾನ್ನವೇ, ಆದರೆ ಡೆಂಗಿಯ ಈ ಕಾಲದಲ್ಲಿ ಮನೆಯಲ್ಲಿ ಸೊಳ್ಳೆ ಸಾಕುವುದು ಅಪರಾಧಕ್ಕೆ ಸಮ. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಹಾಕಿ ಡ್ರಮ್ ಇಣುಕಿ, “ಇದೇನು ಸರ್, ಕುಣಿಯುತ್ತಿವೆ?” ಎಂದು ಹೌಹಾರಿದರು. ಪಕ್ಕದ ಟಬ್ಬಿನ ಗಪ್ಪಿಗಳನ್ನು ತೋರಿಸಿದ ಮೇಲೆ ಸಮಾಧಾನವಾಯಿತು. ಆರೋಗ್ಯ ಇಲಾಖೆ ಸೊಳ್ಳೆಮರಿ ತಿನ್ನಿಸಲು ಬಾವಿ, ತೊಟ್ಟಿಗಳಿಗೆ ಬಿಡುವುದು ಅದೇ ಗಪ್ಪಿಯನ್ನಲ್ಲವೇ.

ಅಳೆಯಲು ಮೀನನ್ನು ಕೈಯಲ್ಲಿ ಹಿಡಿಯಬಾರದು. ಗಾಜಿನ ಚೂರುಗಳನ್ನು ಅಕ್ವೇರಿಯಂಗೆ ಒಗ್ಗುವ, ಬೂಷ್ಟುನಾಶಕ ಬೆರೆಸದ ಸಿಲಿಕೋನ್‌ನಿಂದ ಅಂಟಿಸಿ ಒಂದೂವರೆ ಇಂಚು ಅಗಲದ ಇಕ್ಕಟ್ಟು ಪೆಟ್ಟಿಗೆ ಮಾಡಿದೆ. ಹಿಂಬದಿಗೆ ಗ್ರಾಫ್ ಕಾಗದ, ಪಕ್ಕಕ್ಕೆ ಪೇಂಟ್ ಅಂಗಡಿಯ ಬಣ್ಣದ ಕಾರ್ಡಿನಿಂದ ಕತ್ತರಿಸಿದ ಕಿತ್ತಳೆ ಕೆಂಪು ಪಟ್ಟಿಗಳು. ಒಂದೇ ದೀಪ, ಒಂದೇ ದೂರ, ಮೊಬೈಲಿನಲ್ಲಿ ಫೋಟೊ. ಮೀನನ್ನು ಪೆಟ್ಟಿಗೆಗೆ ಬಿಟ್ಟ ಕೂಡಲೇ ಕ್ಲಿಕ್ಕಿಸಬಾರದು. ಹೆದರಿದ ಮೀನು ಬಿಳಿಚಿರುತ್ತದೆ. ತಳದ ಬಣ್ಣಕ್ಕೂ ಮೀನು ತನ್ನ ಬಣ್ಣ ಹೊಂದಿಸಿಕೊಳ್ಳುತ್ತದೆ. ಬಿಳಿ ಮರಳಿನ ಮೇಲೆ ಪೇಲವ, ಕಪ್ಪು ತಳದ ಮೇಲೆ ಗಾಢ. ಒಂದು ಟಬ್ ಬಿಳಿ, ಇನ್ನೊಂದು ನೀಲಿ ಇದ್ದರೆ ಆಹಾರದ ಪರೀಕ್ಷೆ ಅಲ್ಲಿಗೇ ಮುಗಿಯಿತು. ಉದ್ದವನ್ನು ಗಂಡು ಹೆಣ್ಣು ಬೇರೆ ಮಾಡಿಯೇ ಹೋಲಿಸಬೇಕು. ಸ್ವಾರ್ಡ್‌ಟೇಲ್ ಗಂಡು ಪ್ರಾಯಕ್ಕೆ ಬಂದೊಡನೆ ಅದರ ಬೆಳವಣಿಗೆ ನಿಧಾನವಾಗುತ್ತದೆ; ಬೇಗ ಕತ್ತಿ ಬಂದ ಗಂಡು ಗಿಡ್ಡಗೇ ಉಳಿಯುತ್ತದೆ.

ನೀರಿನ ಬಗ್ಗೆ ನಮ್ಮ ಕಡೆಯವರು ಮರೆಯಬಾರದ ಸಂಗತಿಯೊಂದಿದೆ. ಕೊಳವೆಬಾವಿಯ ಗಡಸು, ಕ್ಷಾರದ ನೀರು ಸ್ವಾರ್ಡ್‌ಟೇಲ್, ಗಪ್ಪಿ, ಮೊಲಿಗಳಿಗೆ ಹಿತವೇ. ಆದರೆ ಪ್ರೋಟೀನ್ ಹೆಚ್ಚಿದ ಆಹಾರ ಮಿಕ್ಕು ಕೊಳೆತರೆ ಅಮೋನಿಯಾ, ಮೀನು ತಿಂದು ಬಿಟ್ಟರೂ ಅಮೋನಿಯಾ. ಕ್ಷಾರ ಹೆಚ್ಚಿದಷ್ಟೂ, ಬಿಸಿ ಏರಿದಷ್ಟೂ ಅದರ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ತಡೆದುಕೊಳ್ಳುವ ಹೊಲಸನ್ನು ದುರ್ಗದ ಏಪ್ರಿಲ್ ತಿಂಗಳ ಟಬ್ ತಡೆಯುವುದಿಲ್ಲ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಬೇಕು, ಮರಿಗಳಿಗೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ, ತಳದ ಕಸ ಪೈಪಿನಿಂದ ಎಳೆದು ನೀರು ಬದಲಿಸುತ್ತಿರಬೇಕು. ನಾಲ್ಕು ಟಬ್‌ಗಳಿಗೂ ಒಂದೇ ನಿಯಮ.

ಫಲಿತಾಂಶ. ಬಣ್ಣದ ಆಹಾರದ ಎರಡು ಟಬ್‌ಗಳಲ್ಲಿ ಮೂರ್ನಾಲ್ಕು ವಾರದಲ್ಲೇ ವ್ಯತ್ಯಾಸ ಕಾರ್ಡಿನ ಪಟ್ಟಿಯ ಮೇಲೆ ಓದುವಷ್ಟು ಕಂಡಿತು. ಮೊದಲು ಬಾಲದ ಬುಡ, ಆಮೇಲೆ ಪಕ್ಕೆ. ಇಷ್ಟು ನಿರೀಕ್ಷೆಯಂತೆಯೇ. ನನ್ನ ಮನಸ್ಸು ನಿಂತದ್ದು ‘ಆ’ ಮತ್ತು ‘ಇ’ ಟಬ್‌ಗಳ ನಡುವೆ. ‘ಆ’ ಟಬ್ಬಿನ ಮೀನು ಪಟ್ಟಿಯ ಲೆಕ್ಕದಲ್ಲಿ ಹೆಚ್ಚು ಕೆಂಪು, ಆದರೆ ಸಣಕಲು. ರೆಕ್ಕೆ ಮುದುರಿಕೊಂಡು ಮೂಲೆ ಹಿಡಿಯುತ್ತಿತ್ತು. ‘ಇ’ ಟಬ್ಬಿನದು ಬರೀ ಕಿತ್ತಳೆ, ಆದರೆ ಮೈ ತುಂಬಿ, ರೆಕ್ಕೆ ಬಿಚ್ಚಿ, ಒಂದನ್ನೊಂದು ಅಟ್ಟಿಸಿಕೊಂಡು ಓಡಾಡುತ್ತಿತ್ತು. ಮನೆಗೆ ಬಂದವರನ್ನು ಟಬ್‌ಗಳ ಮುಂದೆ ನಿಲ್ಲಿಸಿ ಯಾವುದು ಚೆಂದ ಎಂದು ಕೇಳಿದರೆ ‘ಈ’ ಟಬ್ ಮೊದಲನೆಯದು, ‘ಇ’ ಟಬ್ ಎರಡನೆಯದು. ‘ಆ’ ಟಬ್ಬಿಗೆ ‘ಅ’ ಟಬ್ಬಿಗಿಂತ ತುಸು ಮೇಲಿನ ಜಾಗವಷ್ಟೇ ಸಿಕ್ಕಿತು. ಮರಿಯಾಗಿದ್ದಾಗ ಹೊಟ್ಟೆಗೆ ಬೀಳಬೇಕಾದದ್ದು ಬೀಳದಿದ್ದರೆ ಮೇಲೆ ಎಷ್ಟು ಬ್ಯಾಡಗಿ ಸುರಿದರೂ ಬಣ್ಣ ಬಳಿಯಲು ಜಾಗವೇ ಇರುವುದಿಲ್ಲ. ಆದ್ದರಿಂದ ಈಗಿನ ನನ್ನ ಕ್ರಮ: ಮೊದಲ ಆರೇಳು ವಾರ ಮೊಯಿನಾ, ಆಗಾಗ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ, ಜೊತೆಗೆ ಸಾದಾ ಹಿಟ್ಟು, ಗಂಡು ಹೆಣ್ಣು ಗುರುತು ಸಿಗುವ ಹೊತ್ತಿಗೆ ಬಣ್ಣದ ಚೂರು.

ಆರ್ಟೀಮಿಯಾ ಮೊಟ್ಟೆ ದುಬಾರಿ, ಬೆಂಗಳೂರಿನಿಂದ ತರಿಸಬೇಕು. ಲೀಟರಿಗೆ 30 ಗ್ರಾಂ ಕಲ್ಲುಪ್ಪು, ಬಾಟಲಿ ತಲೆಕೆಳಗು, ತಳದಿಂದ ಗಾಳಿ, ಮೇಲೊಂದು ದೀಪ. 28 ಡಿಗ್ರಿಯಲ್ಲಿ ಸುಮಾರು ಒಂದು ದಿನಕ್ಕೆ ಒಡೆಯುತ್ತವೆ. ಒಡೆದ ಕೆಲವೇ ಗಂಟೆಗಳಲ್ಲಿ ಕೊಡಬೇಕು, ತಡವಾದರೆ ಮರಿ ತನ್ನ ಹೊಟ್ಟೆಯ ಸತ್ವವನ್ನು ತಾನೇ ಉಂಡು ಮುಗಿಸಿರುತ್ತದೆ.

ಈ ನಾಲ್ಕು ಟಬ್‌ಗಳ ಲೆಕ್ಕದಲ್ಲಿ ಇಲ್ಲದ ಐದನೆಯದೊಂದಿತ್ತು, ಹಿತ್ತಲಿನ ಹಳೆಯ ಸಿಮೆಂಟ್ ತೊಟ್ಟಿ. ಜಾಗ ಸಾಲದೆ ಅಲ್ಲಿಗೆ ಬಿಟ್ಟಿದ್ದ ಅದೇ ಹೆಣ್ಣಿನ ಮರಿಗಳಿಗೆ ದಿನಕ್ಕೊಮ್ಮೆ ಸಾದಾ ಹಿಟ್ಟು ಮಾತ್ರ. ಅರ್ಧ ದಿನ ಬಿಸಿಲು ಬೀಳುವ ಗೋಡೆಯ ಮೇಲೆ ಪಾಚಿ ದಪ್ಪಗೆ ಬೆಳೆದಿತ್ತು, ಮೀನುಗಳು ಇಡೀ ದಿನ ಅದನ್ನೇ ಕೆರೆಯುತ್ತಿದ್ದವು. ಅವುಗಳ ಕೆಂಪು ‘ಈ’ ಟಬ್ಬಿನದಕ್ಕೆ ಏನೂ ಕಡಿಮೆಯಿರಲಿಲ್ಲ. ಟ್ರಿನಿಡಾಡ್‌ನ ತೊರೆಗಳ ಗಪ್ಪಿಗಳ ಕಿತ್ತಳೆಗೂ ಪಾಚಿಯೇ ಮೂಲ; ಅಲ್ಲಿನ ದಟ್ಟ ಕಾಡಿನ ನೆರಳಿನ ತೊರೆಗಳಲ್ಲಿ ಪಾಚಿ ಕಡಿಮೆ, ಗಂಡುಗಳಿಗೆ ಸಿಗುವ ಕೆರೋಟಿನಾಯ್ಡ್ ಕೂಡ ಕಡಿಮೆ. ತೊಟ್ಟಿ ಕಟ್ಟಿಸಲು ಜಾಗವಿರುವವರು ಚಕ್ಕುಲಿ ಒರಳಿನ ಗೋಜಿಗೆ ಹೋಗದೆ ಪಾಚಿ ಉಜ್ಜುವುದನ್ನು ನಿಲ್ಲಿಸಿದರೂ ಅರ್ಧ ಕೆಲಸ ಆಗುತ್ತದೆ. ಹೊಸ ಸಿಮೆಂಟ್ ಆದರೆ ಕ್ಷಾರ ಹೋಗುವವರೆಗೆ ನೀರು ತುಂಬಿ ಚೆಲ್ಲುತ್ತಿರಬೇಕು, ಬೇಸಿಗೆಯಲ್ಲಿ ಅರ್ಧ ಭಾಗಕ್ಕೆ ನೆರಳು ಬಲೆ ಬೇಕು.

ಮಾಡಿದ ಆಹಾರವನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಇಡುತ್ತೇನೆ. ಅಮ್ಮನ ಒಪ್ಪಿಗೆ ಸಿಕ್ಕದ್ದು ಡಬ್ಬಿಯ ಹೊರಗೆ ಇನ್ನೆರಡು ಕವರ್ ಸುತ್ತಿದ ಮೇಲೆ. ಎಣ್ಣೆ ಕಮಟಿದರೆ, ಅಂಟುಅಂಟಾದರೆ ಗಿಡಕ್ಕೆ ಗೊಬ್ಬರ. ಎರಡು ತಿಂಗಳಿಗಿಂತ ಹೆಚ್ಚಿನದನ್ನು ಒಮ್ಮೆಗೆ ಮಾಡುವುದಿಲ್ಲ. ದೊಡ್ಡ ಮೀನುಗಳಿಗೆ ಬಣ್ಣದ ಚೂರು ವಾರದಲ್ಲಿ ಮೂರು ದಿನ ಸಾಕು. ದಿನವೂ ಸುರಿದರೆ ಬಿಳಿ ಭಾಗವೂ ಬಣ್ಣ ಹಿಡಿಯುತ್ತದೆ. ಕೆಂಪು ಬಿಳಿಯ ಗೋಲ್ಡ್‌ಫಿಶ್ ಸಾಕಿರುವ ಪಕ್ಕದ ಮನೆಯ ಮೇಷ್ಟ್ರು ಒಂದು ಪೊಟ್ಟಣ ಕೇಳಿ ಒಯ್ದು, ತಿಂಗಳು ಕಳೆದ ಮೇಲೆ ಬಿಳಿ ಜಾಗವೆಲ್ಲ ಹಳದಿಯಾಗಿದೆ ಎಂದು ದೂರು ತಂದರು. ಅವರಿಗೆ ಈಗ ಸಾದಾ ಪೊಟ್ಟಣ ಕೊಟ್ಟಿದ್ದೇನೆ, ಜೊತೆಗೆ ಬೇಯಿಸಿ ಸಿಪ್ಪೆ ಬಿಡಿಸಿದ ಹಸಿರು ಬಟಾಣಿ ವಾರಕ್ಕೊಮ್ಮೆ.